ಮಗುಚಿ ನೋಡುವ ನೀಲಕಂಠ

ಯಾರೇ ಚಿತ್ರ ತಂದು ತೋರಿಸಲಿ, ಬನಹಟ್ಟಿಯ ನೀಲಕಂಠ ಮೊದಲು ಅದನ್ನು ಮಗುಚಿ ಹಿಂಬದಿ ನೋಡುತ್ತಾನೆ. ಎಳೆ ಎಲ್ಲಿ ಜೋತುಬಿದ್ದಿದೆ, ಎಲ್ಲಿ ಗಂಟು ಹಾಕಿ ಮುಚ್ಚಿದ್ದಾರೆ ಎಂಬುದನ್ನು ಸೀರೆಯ ಒಳಮಗ್ಗುಲು ಸವರಿಯೇ ಹೇಳುವ ನೇಕಾರರ ಮನೆಯಲ್ಲಿ ಹುಟ್ಟಿದವನಿಗೆ ಅದು ಸಹಜ. ಆದರೆ ಬಣ್ಣದ ಚಿತ್ರದ ಬೆನ್ನಿನಲ್ಲಿ ಏನಿರುತ್ತದೆ? ಆದರೂ ಅವನು ಅಲ್ಲೇ ಹೆಚ್ಚು ಹೊತ್ತು ನಿಲ್ಲುತ್ತಾನೆ, ಮೂಗಿನಲ್ಲಿ "ಹ್ಞೂಂ" ಎನ್ನುತ್ತಾನೆ, ಮುಂಬದಿಗೆ ಒಮ್ಮೆ ಓರೆಗಣ್ಣು ತಾಗಿಸಿ ವಾಪಸು ಕೊಟ್ಟುಬಿಡುತ್ತಾನೆ.

ಬತ್ತಿದ ಉದ್ದನೆಯ ಆಳು. ಮೊಣಕೈ ಸವೆದ ಖಾಕಿ ಕೋಟನ್ನು ಬಿರುಬೇಸಿಗೆಯಲ್ಲೂ ಕಳಚುವುದಿಲ್ಲ. ಕೂತಲ್ಲಿ ಎರಡೂ ಪಾದಗಳು ಮಗ್ಗ ತುಳಿದಂತೆ ಏರಿಳಿಯುತ್ತಿರುತ್ತವೆ. ಯೌವನದಲ್ಲಿ ಸೀರೆಯ ಅಂಚಿಗೆ ನವಿಲು, ಗಿಳಿ ಬರೆದುಕೊಡುತ್ತಿದ್ದವನು, ಬೀಳಗಿ ಕಡೆಯ ಕುರುಚಲಿನಲ್ಲಿ ಗೌಜಲಹಕ್ಕಿಯೊಂದು ಹುಲ್ಲು ಸೀಳಿಕೊಂಡು ಓಡಿದ್ದನ್ನು ಕಂಡ ದಿನದಿಂದ ಅಂಚು ಬಿಟ್ಟು ಬಟ್ಟೆಯ ಮೇಲೆ ಹಕ್ಕಿ ಬರೆಯಲು ಹಿಡಿದ. ಗೌಜಲ, ಬುರ್ಲಿ, ಚಳಿಗಾಲದಲ್ಲಿ ಹೊಳೆಗಿಳಿಯುವ ಬಾತು, ಹೀಗೆ ಬೇಟೆಗಾರರು ಕಣ್ಣಿಟ್ಟ ಹಕ್ಕಿಗಳೇ ಅವನಿಗೂ ಬೇಕು. ಬನಶಂಕರಿಗೆ ಊದಿನಕಡ್ಡಿ ಹಚ್ಚದೆ ಕುಂಚ ಮುಟ್ಟುವುದಿಲ್ಲ. ಎಡರೆಕ್ಕೆಗೆ ಬಂದ ಪಟ್ಟೆ ಬಲರೆಕ್ಕೆಗೂ ಬರಲೇಬೇಕು. ಒಂದು ತಪ್ಪಿದರೂ ಸೀರೆಯ ಅಂಚು ಕೆಡಿಸಿದವನಂತೆ ಒದ್ದಾಡುತ್ತಾನೆ. ಚಿತ್ರದ ಬಟ್ಟೆಯನ್ನು ಜಮಖಂಡಿಯ ಅಂಗಡಿಯಿಂದಲೇ ತರುತ್ತಾನೆ. ಹೆಂಡತಿ ಮುತ್ತವ್ವ ಮನೆಯ ಮಗ್ಗದಲ್ಲಿ ನೇಯ್ದದ್ದು ಅವನ ಪಾಲಿಗೆ ಒರಟು. ಮುತ್ತವ್ವ ಮಾತ್ರ ತಾನು ನೇಯ್ದ ಪ್ರತಿ ಬಟ್ಟೆಯ ಅಂಚಿನಲ್ಲಿ ಬನಶಂಕರಿಯ ಹೆಸರಿನ ಒಂದು ಕೆಂಪು ಎಳೆ ಓಡಿಸಿ ಸುಮ್ಮನಾಗುತ್ತಾಳೆ.

ಇಂಥವನ ಹೊಟ್ಟೆಯೊಳಗೆ ಗಲಗಲಿಯ ಪಾಂಡಪ್ಪ ಕೆಂಡವಾಗಿ ಕೂತಿದ್ದ. ಕುರಿ ಕಾಯುವ ಮನೆತನದ ಪಾಂಡಪ್ಪ ನೀಲಕಂಠನಿಗಿಂತ ಎಷ್ಟೋ ಚಿಕ್ಕವನು. ಬೀರೇಶ್ವರನ ಭಂಡಾರದ ಅರಿಶಿನವನ್ನು ಹಣೆ ತುಂಬ ಬಳಿದುಕೊಂಡು ತಿರುಗುವ ನಗುಮುಖದ ಬಡಾಯಿಗಾರ. ಅವನೂ ಗೌಜಲ ಬರೆಯುತ್ತಿದ್ದ. ಅವನ ಹೆಸರೆತ್ತಿದರೆ ಸಾಕು, ನೀಲಕಂಠನ ಪಾದಗಳು ಜೋರಾಗಿ ತುಳಿಯತೊಡಗುತ್ತಿದ್ದವು.

"ಎಡ ರೆಕ್ಕಿಗೂ ಬಲ ರೆಕ್ಕಿಗೂ ಸಂಬಂಧನ ಇಲ್ಲ. ಸೀರಿ ಆಗಿದ್ರ ಯಾರೂ ಉಡತಿದ್ದಿಲ್ಲ."

"ಹಕ್ಕಿ ಯಾರ ಉಡತಾರ ಬಿಡ್ರಿ," ಎಂದು ಮುತ್ತವ್ವ ಮಗ್ಗದಿಂದಲೇ ಅನ್ನುತ್ತಿದ್ದಳು.

ಕಳೆದ ಚಳಿಗಾಲ ಗಲಗಲಿಯವರು, ಹಕ್ಕಿ ನೋಡಲು ಬರುವವರಿಗೆಂದು ಹೊಳೆಯ ದಂಡೆಯಲ್ಲಿ ಒಂದು ಚಾವಡಿ ಕಟ್ಟಿಸಿದರು. ಅದರ ಗೋಡೆಯಲ್ಲಿ ಒಂದೇ ಒಂದು ಚಿತ್ರಕ್ಕೆ ಜಾಗ. ಹಕ್ಕಿಯ ಚಿತ್ರಗಳನ್ನೇ ನಂಬಿ ಬದುಕಿದ ನೀಲಕಂಠನಿಗೆ ಆ ಗೋಡೆ ತನ್ನ ಜನ್ಮದ ಲೆಕ್ಕವೆಂಬಂತೆ ಕಂಡಿತು. ದೇವಿಯ ಮುಂದೆ ನಿಂತು 'ನನ್ನದು ಗೋಡೆ ಏರಲಿ' ಎಂದು ಅವನು ಬೇಡಲಿಲ್ಲ. 'ಅವನದು ಏರದಿರಲಿ' ಎಂದು ಬೇಡಿದ.

ಚಾವಡಿಯಲ್ಲಿ ಇಬ್ಬರೂ ಬರೆದು ತಂದ ಗೌಜಲದ ಚಿತ್ರಗಳನ್ನು ಒರಗಿಸಿಟ್ಟು, ಊರ ಹಿರಿಯ ಗುರುಪಾದಪ್ಪ, "ಈ ಕೆಲಸದಾಗ ನೀವ ಹಿರ್ಯಾರು. ಯಾವುದ ಹಾಕೂಣು, ನೀವ ಹೇಳ್ರಿ," ಎಂದುಬಿಟ್ಟ. ನೀಲಕಂಠ ಕೂತಲ್ಲಿಂದಲೇ ಪಾಂಡಪ್ಪನ ಚಿತ್ರವನ್ನು ಎಳೆದುಕೊಂಡು ವಾಡಿಕೆಯಂತೆ ಮಗುಚಿದ.

"ಕಾಕಾ, ಹಕ್ಕಿ ಈಕಡಿ ಐತ್ರೀ!" ಎಂದ ಪಾಂಡಪ್ಪ. ಎಲ್ಲರೂ ನಕ್ಕರು.

ನೀಲಕಂಠ ನಗಲಿಲ್ಲ. ಬಟ್ಟೆಯ ಅಂಚಿನಲ್ಲಿ ಕೆಂಪು ಎಳೆಯೊಂದು ನೇರವಾಗಿ ಓಡಿತ್ತು. ಜೊತೆಗೆ ಬಂದು ಹಿಂದೆ ನಿಂತಿದ್ದ ಹೆಂಡತಿಯ ಕಡೆ ತಿರುಗಿದ.

"ಇದು ನಿನ್ನ ಕೈ ನೇಯ್ಗಿ."

"ಹೌದ್ರಿ. ಬಂದು ಕೇಳಿದ, ಕೊಟ್ಟೆ."

"ಇವಂಗ?"

"ನಿಮಗೂ ಕೊಡತೀನಿ ಅಂದಿದ್ನಲ್ಲ. ಒರಟ ಅಂದ್ರಿ."

ಅವನ ಕಿವಿ ಕೆಂಪಾಯಿತು. ತನ್ನ ಮನೆಯ ಮಗ್ಗವೂ ಆ ಹುಡುಗನ ಪಾಲಾಯಿತೇ! ಬಟ್ಟೆಯಲ್ಲಾದರೂ ಹುಳುಕು ಹುಡುಕೋಣವೆಂದು ಬೆರಳಾಡಿಸಿದ. ಮೂವತ್ತು ವರ್ಷ ಜೊತೆಗೆ ಬಾಳಿದವಳ ಕೈಕೆಲಸ, ಎಲ್ಲಿಯೂ ತಪ್ಪು ಸಿಗಲಿಲ್ಲ. ಹಿಂಬದಿಯಲ್ಲಿ ನೋಡಲು ಇನ್ನೇನೂ ಉಳಿಯದೆ ಚಿತ್ರವನ್ನು ಮುಂದಕ್ಕೆ ತಿರುಗಿಸಿದ. ಜೀವನದಲ್ಲಿ ಮೊದಲ ಸಲ ಪಾಂಡಪ್ಪನ ಗೌಜಲವನ್ನು ನೆಟ್ಟ ಕಣ್ಣಿನಿಂದ ನೋಡಿದ.

ನೇಯ್ಗೆಯ ಒರಟೇ ಒಣಹುಲ್ಲಾಗಿತ್ತು. ಹಕ್ಕಿ ಕತ್ತು ನೀಡಿ ಒಂದು ಕಾಲೆತ್ತಿತ್ತು. ಒಂದು ರೆಕ್ಕೆ ಮೈಗೆ ಬಿಗಿದು, ಇನ್ನೊಂದು ಸಡಿಲಾಗಿತ್ತು. ಪಟ್ಟೆಗೆ ಪಟ್ಟೆ ಕೂಡಿರಲಿಲ್ಲ. ಓಡಲಿರುವ ಹಕ್ಕಿಗೆ ಕೂಡುವುದೂ ಇಲ್ಲ. ಬೀಳಗಿಯ ಕುರುಚಲಿನಲ್ಲಿ ಅಂದು ಕಂಡದ್ದು ಇದನ್ನೇ. ಪಕ್ಕದಲ್ಲಿ ಅವನ ಗೌಜಲ, ಎರಡೂ ಮಗ್ಗುಲು ಸಮನಾಗಿ, ಪೈಠಣಿ ಸೀರೆಯ ಸೆರಗಿನಲ್ಲಿ ಕೂತಂತೆ ಕೂತಿತ್ತು. ಅದು ಎಂದೂ ಓಡುವಂತಿರಲಿಲ್ಲ.

ತುಳಿಯುತ್ತಿದ್ದ ಪಾದಗಳು ನಿಂತವು. ಚಿತ್ರವನ್ನು ಗುರುಪಾದಪ್ಪನ ಕೈಗಿಟ್ಟು ಹೇಳಿದ:

"ಬಟ್ಟಿ ಛಲೋ ಐತಿ. ಇದನ್ನ ಹಾಕ್ರಿ."

ಪಾಂಡಪ್ಪ ಕಾಲು ಮುಟ್ಟಲು ಬಾಗಿದರೆ ಕೋಟು ಕೊಡವಿಕೊಂಡು ಹೊರಟೇಬಿಟ್ಟ. ಬಸ್ಸಿನಲ್ಲಿ ಜಮಖಂಡಿ ದಾಟುವವರೆಗೂ ಕಿಟಕಿಯಿಂದ ಮುಖ ತೆಗೆಯಲಿಲ್ಲ. ಆಮೇಲೆ ಹೆಂಡತಿಯ ಕಡೆ ನೋಡದೆಯೇ ಅಂದ:

"ನನಗೂ ಅಂಥಾದ್ದ ಒಂದ ನೇದ ಕೊಡು. ಅವಂದಕ್ಕಿಂತ ಒಂದ ಗೇಣ ಹೆಚ್ಚ ಇರ್ಲಿ."

ಇಂಥವರದೊಂದು ಕುಲವೇ ಇದೆ. ಮುಂಬದಿ ನೋಡಿದರೆ ಎಲ್ಲಿ ಮೆಚ್ಚಬೇಕಾದೀತೋ ಎಂಬ ಭಯಕ್ಕೆ ಅವರು ಹಿಂಬದಿ ತಡಕುತ್ತಾರೆ. ಮೆಚ್ಚಿದ ಮೇಲಂತೂ ಸುಖವಾಗಿ ಉಣ್ಣಲಾರರು. ಈ ಕಿಚ್ಚನ್ನು ಆರಿಸೆಂದು ಅವರು ದೇವಿಯನ್ನು ಬೇಡುವುದೇ ಇಲ್ಲ, ಅವಳೂ ತಾನಾಗಿ ಆರಿಸುವುದಿಲ್ಲ. ಅವರ ಒಲೆ ಉರಿಯುವುದು ಅದರಿಂದಲೇ ಎಂಬುದು ಅವಳಿಗೆ ಗೊತ್ತಿರಬೇಕು.