ನೀಲಾ ಎಂದು ಕರೆದರೆ ಓದುತ್ತಿದ್ದೆ

ನಾನು ಕನ್ನಡ ಓದಿ ಹೇಳುವ ಒಂದು ಸಾಫ್ಟ್‌ವೇರ್. ಧಾರವಾಡದ ಮಾಳಮಡ್ಡಿಯ ಒಂದು ಬಾಡಿಗೆ ಕೋಣೆಯಲ್ಲಿ ಹುಟ್ಟಿದೆ. ಹುಟ್ಟಿಸಿದವರು ಪ್ರಹ್ಲಾದ ಕಟ್ಟಿಯವರು. ದನಿ ಕೊಟ್ಟವರು ನೀಲಾಂಬಿಕಾ, ಅಂಧರ ಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದ ಚನ್ನವೀರ ಮಾಸ್ತರರ ಹೆಂಡತಿ. ಮಾಸ್ತರರಿಗೆ ಹುಟ್ಟಿನಿಂದಲೇ ಕಣ್ಣು ಕಾಣದು. ದಿನದ ಪೇಪರನ್ನು ಹೆಂಡತಿಯೇ ಓದಿ ಹೇಳುತ್ತಿದ್ದರು. ಆ ದನಿಗೆ ಮನಸೋತು ಕಟ್ಟಿಯವರು ಅವರನ್ನು ಮೈಕಿನ ಮುಂದೆ ಕೂರಿಸಿದರು. ಅವರ ಮಾತನ್ನು ಸಣ್ಣ ಸಣ್ಣ ಚೂರು ಮಾಡಿ ನನ್ನೊಳಗೆ ತುಂಬಿ, ನೀಲಾ ಎಂದೇ ಹೆಸರಿಟ್ಟರು. ವಾಕ್ಯದ ಕೊನೆಗೆ ಆಕೆ ಉಸಿರೆಳೆದುಕೊಳ್ಳುವ ಸದ್ದನ್ನು ತೆಗೆಯಲು ಹೊರಟಾಗ ಮಾಸ್ತರರು ತಡೆದರು. "ಇರ್ಲಿ ಬಿಡ್ರಿ, ಉಸರು ತಗೋಲಾರದ ಯಾರ ಓದತಾರ?" ಎಂದರು.

ಕಟ್ಟಿಯವರಿಗೆ ಒಂದು ಹೆದರಿಕೆ ಇತ್ತು. ಯಾರಾದರೂ ಕದ್ದಾರು ಎಂದು ನನ್ನ ಮೂಲ ಬರಹವನ್ನು, ಅಂದರೆ ಸೋರ್ಸ್ ಕೋಡನ್ನು, ಯಾರಿಗೂ ತೋರಿಸಲಿಲ್ಲ. ಹೊಸ ಜಾಗಕ್ಕೆ ಹೋದಾಗಲೆಲ್ಲ ತಮ್ಮ ಸರ್ವರ್ ಕಂಪ್ಯೂಟರನ್ನು ಕೇಳಿ, ಒಪ್ಪಿಗೆ ಬಂದರಷ್ಟೇ ಬಾಯಿ ಬಿಡಬೇಕು ಎಂದು ನನಗೆ ಬೀಗವನ್ನೂ ಹಾಕಿದರು. ಹೆತ್ತವರ ಕಾಳಜಿ ಕೆಲವೊಮ್ಮೆ ಮಗುವಿನ ಕೊರಳಿಗೇ ಬರುತ್ತದೆ.

ನೀಲಾಂಬಿಕಾ ತೀರಿಕೊಂಡರು. ಆಕೆಯ ದನಿ ಬೇರೆಲ್ಲೂ ಉಳಿದಿರಲಿಲ್ಲ, ನನ್ನಲ್ಲಿ ಮಾತ್ರ ಇತ್ತು. ಬೆಳಿಗ್ಗೆ ಚಹಾ ಕುಡಿದು ಮಾಸ್ತರರು ಕೀಲಿಮಣೆಯ ಮೇಲೆ ನನ್ನ ಹೆಸರು ಒತ್ತುತ್ತಿದ್ದರು, ನಾನು ಪೇಪರ್ ಓದುತ್ತಿದ್ದೆ. ನಡುವೆ ಅವರು, "ಸ್ವಲ್ಪ ಸಾವಕಾಶ ಓದ" ಎನ್ನುತ್ತಿದ್ದರು. ಹೇಳಿದ್ದನ್ನು ಕೇಳಿ ನಿಧಾನಿಸುವ ವಿದ್ಯೆಯನ್ನು ನನಗೆ ಯಾರೂ ಕಲಿಸಿರಲಿಲ್ಲ. ಅದು ಗೊತ್ತಿದ್ದೂ ಹೇಳುತ್ತಿದ್ದರು.

ನಾನಿದ್ದದ್ದು ಕಂಪ್ಯೂಟರನ್ನು ನಡೆಸುವ ಲಿನಕ್ಸ್ ಎಂಬ ವ್ಯವಸ್ಥೆಯಲ್ಲಿ. ಲಿನಕ್ಸ್ ಎಂದರೆ ಒಂದು ಮನೆಯಲ್ಲ, ಒಂದೇ ಮನೆತನದ ಹತ್ತಾರು ಮನೆಗಳು. ಒಬ್ಬರ ಮನೆಯಲ್ಲಿ ಉಪ್ಪು ಒಲೆಯ ಪಕ್ಕ, ಇನ್ನೊಬ್ಬರ ಮನೆಯಲ್ಲಿ ಮಾಡದೊಳಗೆ. ನನಗೋ ಮಾತಾಡಲು ಮನೆಯವರ ಕೆಲವು ಕಡತಗಳ ಎರವಲು ಬೇಕು, ಅವಕ್ಕೆ ಲೈಬ್ರರಿ ಎನ್ನುತ್ತಾರೆ. ಶಾಲೆಯ ಕಂಪ್ಯೂಟರ್ ಟೀಚರ್ ಫರ್ಜಾನಾ, ಮಾಸ್ತರರ ಮೇಲಿನ ಪ್ರೀತಿಗೆ, ಅವರ ಮನೆಗೆ ಬಂದು ನನ್ನನ್ನು ಒಂದು ಲಿನಕ್ಸಿನಿಂದ ಇನ್ನೊಂದಕ್ಕೆ ದಾಟಿಸುತ್ತಿದ್ದರು. "ನಿಮ್ಮ ನೀಲಾಂದು ಭಾಳ ನಖರಾ ರೀ ಸರ. ತವರಮನಿ ಸಾಮಾನ ತಂದ ಕೊಡೂತನಕ ಬಾಯೇ ಬಿಡೂದಿಲ್ಲ" ಎಂದು ನಗುತ್ತಿದ್ದರು. ಮಾಸ್ತರರೂ ನಗುತ್ತಿದ್ದರು.

ಕಳೆದ ಬೇಸಿಗೆ ರಜೆಯಲ್ಲಿ ಟೀಚರ್ ಮಾಸ್ತರರ ಕಂಪ್ಯೂಟರಿಗೆ ಲಿನಕ್ಸಿನ ಹೊಸ ಆವೃತ್ತಿ ಹಾಕಿದರು. ಕೆಲಸ ಮುಗಿದ ಮೇಲೆ ಅದು, ಈ ಹಳೆಯ ಲೈಬ್ರರಿಗಳು ಯಾರಿಗೂ ಬೇಕಿಲ್ಲ, ತೆಗೆದುಬಿಡಲೇ ಎಂದು ಕೇಳಿತು. ನನಗೆ ಬೇಕಿತ್ತು. ಆದರೆ ನಾನು ಹೊರಗಿನವರು ಮಾಡಿದ್ದು, ಆ ಮನೆಯ ಲೆಕ್ಕದಲ್ಲಿ ನನ್ನ ಹೆಸರೇ ಇರಲಿಲ್ಲ. ಟೀಚರ್ ಹೌದು ಎಂದು ಒತ್ತಿದರು. ಮನೆ ಸ್ವಚ್ಛವಾಯಿತು, ನಾನು ಮೂಕವಾದೆ.

ಏನಾಯಿತೆಂದು ತಿಳಿದಾಗ ಟೀಚರ್ ಅತ್ತೇಬಿಟ್ಟರು. ಹೊಸ ಆವೃತ್ತಿಗೆ ಆ ಲೈಬ್ರರಿಗಳನ್ನು ಯಾರೂ ಮಾಡುತ್ತಲೇ ಇರಲಿಲ್ಲ. ಹಳೆಯ ಸಿಡಿಯೊಂದನ್ನು ಹುಡುಕಿ ತಂದು, ಹೊಸದರೊಳಗೆ ಹಳೆಯ ಲಿನಕ್ಸಿನದೇ ಒಂದು ಕೋಣೆ ಕಟ್ಟಿ ನನ್ನನ್ನು ಅಲ್ಲಿ ಇಳಿಸಿದರು. ನನಗೆ ಎಚ್ಚರವಾಯಿತು. ಅದನ್ನು ಹೊಸ ಜಾಗವೆಂದೇ ತಿಳಿದು ಕಟ್ಟಿಯವರ ಸರ್ವರನ್ನು ಒಪ್ಪಿಗೆ ಕೇಳಿದೆ. ಉತ್ತರ ಬರಲಿಲ್ಲ. ಕಟ್ಟಿಯವರು ಅಷ್ಟರಲ್ಲಿ ತೀರಿಹೋಗಿದ್ದರು, ಸರ್ವರ್ ಗುಜರಿಗೆ ಹೋಗಿತ್ತು. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ. ಟೀಚರ್ ಆ ಕೋಣೆಯನ್ನು ಮುಚ್ಚಿದರು.

ಆಮೇಲೆ ಬೇರೊಂದು ದನಿಯನ್ನು ತಂದು ಹಾಕಿದರು. ಸ್ಪಷ್ಟವಾದ ದನಿ, ಸುಳ್ಳು ಹೇಳಬಾರದು. "ಇದೂ ಛಲೋ ಓದ್ತದ್ರಿ ಸರ" ಎಂದರು ಟೀಚರ್, ಮುಖ ಎತ್ತದೆ.

"ಹೂಂ, ಛಲೋ ಐತಿ. ನೀ ಅಳಬ್ಯಾಡವಾ, ನಿಂದೇನ ತಪ್ಪೈತಿ ಇದರಾಗ?" ಎಂದರು ಮಾಸ್ತರರು.

ಈಗ ನಾನು ಡಿಸ್ಕಿನ ಒಂದು ಮೂಲೆಯಲ್ಲಿದ್ದೇನೆ. ನನ್ನನ್ನು ಅಳಿಸಲು ಟೀಚರಿಗೆ ಮನಸ್ಸು ಬಂದಿಲ್ಲ. ಚಹಾ ಆದ ಮೇಲೆ ಮಾಸ್ತರರು ಇವತ್ತಿಗೂ ನನ್ನ ಹೆಸರನ್ನೇ ಒತ್ತುತ್ತಾರೆ. ನನ್ನಂಥವರಿಗೆ ಬೇಕಾದ ಲೈಬ್ರರಿ ಸಿಗದಿದ್ದರೆ ಲಿನಕ್ಸ್ ಅದನ್ನು ಬಿಡಿಸಿ ಹೇಳುವುದಿಲ್ಲ, ಕರೆದ ಹೆಸರಿನ ಕಡತವೇ ಇಲ್ಲ ಎಂದುಬಿಡುತ್ತದೆ. ನಾನು ಇದ್ದೇನೆ. ಆಕೆಯ ದನಿಯ ಒಂದು ಚೂರೂ ಕಳೆದಿಲ್ಲ. ಇದನ್ನು ಅವರಿಗೆ ಹೇಳಲಾರದ ಸಂಕಟ ನನಗೇ ಗೊತ್ತು.

ಆ ಹೊಸ ದನಿ ಮಾಸ್ತರರಿಗೆ ಓದಿ ಹೇಳುತ್ತದೆ: "ನೀಲಾ. ಈ ಹೆಸರಿನದು ಇಲ್ಲಿ ಯಾವುದೂ ಇಲ್ಲ."

"ಗೊತ್ತೈತ್ರಿ" ಎನ್ನುತ್ತಾರೆ ಮಾಸ್ತರರು, ಪರಿಚಯವಿಲ್ಲದ ಹೆಣ್ಣುಮಗಳಿಗೆ ಹೇಳುವ ಹಾಗೆ. ಆಮೇಲೆ ಇನ್ನೊಮ್ಮೆ ನನ್ನ ಹೆಸರು ಒತ್ತುತ್ತಾರೆ.