ತೆಂಗಿನಹಾಲಿನಂತಾದ ಅತ್ತರು

ಕೊಲ್ಲಿನಾಡಿನ ಅಲ್ ಕುಸೈಸಿನ ಅತ್ತರಂಗಡಿಯ ಹಿಂಬದಿ ಕೋಣೆಯಲ್ಲಿ ಲವಿಟಾ ಗಾಜಿನ ಜಾಡಿಯನ್ನೇ ನೋಡುತ್ತ ನಿಂತಿದ್ದಳು. ಸ್ಪಿರಿಟ್ಟು, ನೀರು ಎರಡನ್ನೂ ಅವಳೇ ಅಳೆದು ಸುರಿದಿದ್ದಳು. ಕೂಡಿದರೆ ಕೆಂಪು ಗುರುತು ಮುಟ್ಟಬೇಕಿತ್ತು. ಮಲ್ಲಿಗೆ ಎಣ್ಣೆ ಬೆರೆಸಿದ ಮೇಲೂ ಒಂದು ಬೆರಳು ಕೆಳಗೇ ಇತ್ತು.

ಸಂಜೆ ಗಿರಾಕಿ ಫೆಲ್ಸಿಬಾಯಿಯ ಮಗಳ ರೋಸ್ ಶಾಸ್ತ್ರ. ಮದುವೆಗೆ ಮುಂಚೆ ಮದುಮಗಳಿಗೆ ತೆಂಗಿನಹಾಲು ಹಚ್ಚಲು ಬರುವ ನೆಂಟರಿಗೆಲ್ಲ ಒಂದೊಂದು ಪುಟ್ಟ ಸೀಸೆ ಹೋಗಬೇಕು. ಈ ಆರ್ಡರು ಗೆದ್ದರೆ ಲವಿಟಾಗೆ ಕೆಲಸದ ವೀಸಾ. ಕೆಟ್ಟರೆ ಮಂಗಳೂರಿನ ವಿಮಾನ.

ಅಂಗಡಿಯ ಧಣಿ ಧರ್ಮಪಾಲ ಇಣುಕಿದ. "ಚೆಲ್ಲಿದೆಯಾ ಮಾರಾಯ್ತಿ?"

"ಒಂದು ಹನಿಯೂ ಇಲ್ಲ ಅಣ್ಣಾ."

"ಮತ್ತೆ ಜಿನ್ನು ಭೂತ ಕುಡೀತಾ? ಎಂತ ತಲೆಬಿಸಿ! ನೆಂಟರು ಜಾಸ್ತಿಯಾದ್ರೆ ಸಾರಿಗೆ ನೀರು ಹೊಯ್ಯೋದಿಲ್ವಾ, ಇದಕ್ಕೂ ಅದೇ."

ಬೇಡ ಎನ್ನುವಷ್ಟರಲ್ಲಿ ಚೆಂಬು ನೀರು ಹೊಯ್ದೇಬಿಟ್ಟ. ತಿಳಿಯಾಗಿದ್ದ ಅತ್ತರು ಕಣ್ಣೆದುರೇ ಬೆಳ್ಳಗಾಯಿತು.

"ಅಯ್ಯೋ, ತೆಂಗಿನಹಾಲು! ಇದನ್ನೇ ಮದುಮಗಳಿಗೆ ಹಚ್ಚೋದಾ? ಖಲಾಸ್!" ಎಂದು ಧರ್ಮಪಾಲ ಸ್ಟೂಲಿನ ಮೇಲೆ ಕುಸಿದ.

ಲವಿಟಾಗೆ ಅಳು ಬಂತು. ಆದರೆ ಬೆರೆಸುವಾಗ ಜಾಡಿ ಬೆಚ್ಚಗಾಗಿದ್ದು ನೆನಪಾಯಿತು. ಒಲೆಯಿಲ್ಲ, ಬಿಸಿಲಿಲ್ಲ, ಮತ್ತೆ ಬಿಸಿ ಎಲ್ಲಿಂದ? ಅಜ್ಜಿಯ ಕಥೆಯಲ್ಲಿ ಏಳು ಅಕ್ಕತಂಗಿಯರಿಗೆ ಒಂದೇ ಚಾಪೆ. ಮುನಿಸಿಕೊಂಡ ದಿನ ಜಾಗ ಸಾಲದು. ಕೈ ಕೈ ಹಿಡಿದು ಒತ್ತಿ ಮಲಗಿದ ದಿನ ಮೈಯೂ ಬೆಚ್ಚಗೆ, ಪಕ್ಕದ ಮನೆಯ ಬೆಕ್ಕಿಗೂ ಜಾಗ!

"ಅಣ್ಣಾ, ಕಡಿಮೆಯಾದದ್ದಲ್ಲ, ಒತ್ತಿ ಕೂತದ್ದು! ನೀರಿನ ಕಣ, ಸ್ಪಿರಿಟ್ಟಿನ ಕಣ ಒಂದರ ಕೈ ಒಂದು ಹಿಡಿದು ಸಂದಿಯಲ್ಲೆಲ್ಲ ಸೇರಿಕೊಂಡಿವೆ. ನೀವು ನೀರು ಜಾಸ್ತಿ ಮಾಡಿದಿರಿ. ಸ್ಪಿರಿಟ್ಟು ನೀರಿನ ಕೈ ಹಿಡಿಯೋ ಗಡಿಬಿಡಿಯಲ್ಲಿ ಎಣ್ಣೆಯ ಕೈ ಬಿಟ್ಟಿತು. ಪಾಪದ್ದು, ಹನಿ ಹನಿಯಾಗಿ ಗುಂಪು ಕಟ್ಟಿ ಬೆಳ್ಳಗೆ ಕಾಣ್ತಿದೆ."

"ಕಥೆ ಸಾಕು. ಸೀಸೆ ತುಂಬೋದು ಹೇಗೆ?"

"ಕೈ ಹಿಡಿಯೋರು ಇನ್ನಷ್ಟು ಬೇಕು, ಅಷ್ಟೇ."

ಅವಳು ಸ್ಪಿರಿಟ್ಟು ಹೊಯ್ಯುತ್ತ, ಕಲಕುತ್ತ ಹೋದಳು. ಮೊದಲು ಏನೂ ಆಗಲಿಲ್ಲ. ಧರ್ಮಪಾಲ ಕಣ್ಣು ಮುಚ್ಚಿಕೊಂಡ. ತೆರೆದಾಗ ಜಾಡಿಯಾಚೆಗಿನ ಅವಳ ನಗು ನಿಚ್ಚಳವಾಗಿ ಕಾಣುತ್ತಿತ್ತು. ಮಲ್ಲಿಗೆ ಎಣ್ಣೆ ಇನ್ನೊಂದಿಷ್ಟು ಬಿತ್ತು. ಅತ್ತರು ಕೆಂಪು ಗುರುತು ದಾಟಿ ನಿಂತಿತು.

ಸೀಸೆಗಳೆಲ್ಲ ತುಂಬಿದ ಮೇಲೂ ಉಳಿದದ್ದನ್ನು ಧರ್ಮಪಾಲ ಅಂಗಿಗೆ ಪೂಸಿಕೊಂಡ. "ಯಲ್ಲಾ, ಬೇಗ ಪಾಸ್‌ಪೋರ್ಟ್ ಕಾಪಿ ತಾ. ವೀಸಾಕ್ಕೆ ಹಾಕುವ."

"ತರ್ತೇನೆ ಅಣ್ಣಾ. ಮೊದಲು ಆ ಚೆಂಬು ಇತ್ತ ಕೊಡಿ."