ಕಳ್ಳಿ ಹಣ್ಣಿನ ರುಚಿ

ಸತ್ತ ತಾಯಿಯ ಗದ್ದಕ್ಕೆ ಕಟ್ಟಿದ್ದ ಬಟ್ಟೆಯನ್ನು ಸಡಿಲಿಸುತ್ತ ಅಂಬಿಕಾ ಅಪ್ಪನ ಕಡೆ ತಿರುಗಿದಳು.

“ಯಪ್ಪಾ, ಅವ್ವಗ ಭಾಳ ಸೇರೂದು ಯಾವುದು? ಲಗೂನ ಹೇಳು, ಬಾಯಾಗ ಇಡಬೇಕು.”

ಹೆಣ ಎತ್ತುವ ಮುಂಚೆ ಸತ್ತವರಿಗೆ ಇಷ್ಟವಾದದ್ದನ್ನು ಒಂದು ಚೂರು ಬಾಯಿಗಿಡುವುದು ಅವರ ಮನೆತನದ ಪದ್ಧತಿ. ಹೆಂಡತಿಗಾದರೆ ಗಂಡನೇ ಇಡಬೇಕು. ಆದಮ್ಮನ ಜೊತೆ ನಲವತ್ತೆರಡು ವರ್ಷ ಬಾಳಿದ ಗಾಳೆಪ್ಪ ಸುತ್ತ ಕೂತವರ ಮುಖ ನೋಡಿದ.

“ಆಕಿಗೆ ಏನು ಸೇರತಿರಲಿಲ್ಲ ಅಂತ ಕೇಳವ್ವಾ,” ಎಂದಳು ಪಕ್ಕದ ಮನೆಯ ಮೈಮುನಾಬಿ, ಕಣ್ಣೊರೆಸಿಕೊಳ್ಳುತ್ತ. “ನಮ್ಮನ್ಯಾಗ ಶೀರ್‌ಕುರ್ಮಾ ಪಾಯಸ ಕುದಿಯೂದ್ರಾಗ ಬಟ್ಟಲ ಹಿಡಕೊಂಡು ನಿಂತಿರತಿದ್ಲು. ಭತ್ತ ಹಚ್ಚೋ ಮಷೀನ್ ಬಂದಾಗ ನಾವೆಲ್ಲಾ ಕೂಲಿ ಹೋತಂತ ಬೈಯಾಕತ್ತಿದ್ರ, ಈಕಿ ಅದರ ಮ್ಯಾಲ ಹತ್ತಿ ಕುಂತಿದ್ಲು!”

ಹೆಂಗಸರು ಅಳುವಿನ ನಡುವೆಯೇ ನಕ್ಕರು. ಗಾಳೆಪ್ಪ ನಗಲಿಲ್ಲ. ಅಂದು ತಮ್ಮೂರು ವಳಕಮದಿನ್ನಿಯ ಜನರೆದುರು ಅವಳನ್ನು ಬೈದು ಇಳಿಸಿದವನು ಅವನೇ. ಅವನಿಗೋ ಹುಟ್ಟಿದಾಗಿನಿಂದ ರೊಟ್ಟಿ, ಪುಂಡಿಪಲ್ಯ. ಅದು ಬಿಟ್ಟರೆ ಪುಂಡಿಪಲ್ಯ, ರೊಟ್ಟಿ.

*

ಮೂರು ವರ್ಷದ ಹಿಂದೆ ಆದಮ್ಮ ಮಸ್ಕಿ ಸಂತೆಯಿಂದ ಮುಳ್ಳಿನ ತುಂಡೊಂದನ್ನು ತಂದು ಹಿತ್ತಲಿನ ಕಲ್ಲುಕಂಬಕ್ಕೆ ಕಟ್ಟಿದಳು. ಡ್ರ್ಯಾಗನ್ ಹಣ್ಣು ಬಿಡುವ ಕಳ್ಳಿ ಬಳ್ಳಿ ಅದು.

“ಮನ್ಯಾಗ ಕಳ್ಳಿ ಹಚ್ಚತಾರೇನು ಬೇ? ಅದರ ಹಣ್ಣು ನಾ ಸತ್ರೂ ಮುಟ್ಟಾಂಗಿಲ್ಲ,” ಎಂದಿದ್ದ ಗಾಳೆಪ್ಪ.

ನಿನ್ನೆ ಮೊದಲ ಹಣ್ಣು ಸಿಕ್ಕಿತು. ಒಂದೇ ಒಂದು. ಏನು ಕಂಡರೂ ಮೊದಲು ಬಾಯಿಗೆ ಹಾಕಿಕೊಂಡು ಆಮೇಲೆ ಹೆಸರು ಕೇಳುವವಳು, ಈ ಸಲ ಗಂಡನ ಮುಂದೆ ತಂದಿಟ್ಟಳು.

“ಎಲ್ಲಾ ನಾ ಒಬ್ಬಾಕಿನ ತಿಂದು ನೋಡೀನಿ. ಹೆಂಗೈತಂತ ಹೇಳಾಕ ಬಂದ್ರ ಎದ್ದು ಹೋಗತಿ. ಇದೊಂದರ ಇಬ್ರೂ ಕೂಡಿ ತಿನ್ನೂನು.”

“ನಾಳಿ ನೋಡೂನು ತಗಿ.”

ಇವತ್ತು ಬೆಳಿಗ್ಗೆ ಆದಮ್ಮ ಹಾಸಿಗೆಯಿಂದ ಏಳಲಿಲ್ಲ.

*

“ಯಪ್ಪಾ, ಹೊತ್ತಾತು. ಬೆಲ್ಲನರ ಇಡು,” ಎಂದಳು ಅಂಬಿಕಾ.

ಗಾಳೆಪ್ಪ ಎದ್ದು ಒಳಗೆ ಹೋದ. ಹಣ್ಣು ರೊಟ್ಟಿಬುಟ್ಟಿಯಲ್ಲಿ ಹಾಗೇ ಇತ್ತು. ಪಕ್ಕದಲ್ಲಿ ತೊಳೆದು ಬೋರಲು ಹಾಕಿದ ಎರಡು ತಾಟು.

“ಅಯ್ಯೋ ಹುಚ್ಚೀ, ಒಂದು ಚೂರರ ತಿನಬಾರದಿತ್ತೇನು!”

ಹೊರಗೆ ಕೂತವರಿಗೆಲ್ಲ ಅವನ ಅಳು ಕೇಳಿಸಿತು. ಹಣ್ಣನ್ನು ತಂದು ಹೆಣದ ಪಕ್ಕ ಕುಳಿತು ಕೊಯ್ದ. ಒಳಗೆ ಬೆಳ್ಳಗೆ, ಎಳ್ಳು ಚೆಲ್ಲಿದ ಹಾಗೆ ಕರಿ ಬೀಜ.

“ಕಳ್ಳಿ ಹಣ್ಣು ಇಡತಾರೇನೋ?” ಊರ ಹಿರಿಯ ಹನುಮಂತರಾಯ ತಡೆಯಲು ನೋಡಿದ.

ಗಾಳೆಪ್ಪ ಒಂದು ಚೂರನ್ನು ಅವಳ ತುಟಿಗಿಟ್ಟ. ಇನ್ನೊಂದನ್ನು ತನ್ನ ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ, ಮೆಲ್ಲಗೆ ಅಗಿದ. ಅಂಗಳದಲ್ಲಿ ಹಲಗೆ ವಾದ್ಯ ಬಡಿಯುತ್ತಿದ್ದವರೂ ಕೈ ನಿಲ್ಲಿಸಿದರು.

ಅವಳ ಕಿವಿಯ ಹತ್ತಿರ ಬಾಗಿದ.

“ಮೊದಲ ಸಪ್ಪಗ ಐತಿ ಬೇ. ಆಮ್ಯಾಲ ಒಂಚೂರು ಸಿಹಿ ಬರತೈತಿ. ತಡಿ, ಇನ್ನೊಂದು ಚೂರು ತಿಂದು ಹೇಳತೀನಿ.”